ಬ್ಯಾಂಡ್‌ಸಾಗೆ ಗಾಲಿ, ತಿಕ್‌ನೆಸ್‌ಗೆ ಬೇಡ: ಸಾಗರದ ಒಂದು ಮರಗೆಲಸದ ಶೆಡ್ಡಿನ ಪ್ರಕರಣ

ಸಾಗರದ ಹೊರವಲಯದಲ್ಲಿ ಒಂದು ಮರಗೆಲಸದ ಶೆಡ್ಡಿದೆ. 22 ಅಡಿ ಉದ್ದ, 14 ಅಡಿ ಅಗಲ. ಮೇಲೆ ಶೀಟು, ಮುಂದೆ ರೋಲಿಂಗ್ ಶಟರ್. ಯಜಮಾನರನ್ನು ಎಲ್ಲರೂ ಆಚಾರ್ರು ಅಂತಲೇ ಕರೆಯುತ್ತಾರೆ. ಜೊತೆಗೆ ಇಬ್ಬರು ಹುಡುಗರಿದ್ದಾರೆ. ಸಾಗರ ಅಂದ ಕೂಡಲೇ ಗುಡಿಗಾರರ ಶ್ರೀಗಂಧದ ಕೆತ್ತನೆ ನೆನಪಾಗುತ್ತದೆ. ಈ ಶೆಡ್ಡಿನಲ್ಲಿ ನಡೆಯುವುದು ಮನೆ ಕಟ್ಟುವವರ ಕೆಲಸ. ದಾರಂದ (ಬಾಗಿಲ ಚೌಕಟ್ಟು), ಬಾಗಿಲು, ಕಿಟಕಿ, ಮಾಡಿನ ಪಕಾಸಿ (ಮಾಡನ್ನು ಹೊರುವ ಉದ್ದದ ಮರ), ಮಂಚ. ಮರ ಹೊನ್ನೆ, ಮತ್ತಿ, ಹಲಸು, ಆಗೀಗ ಸಾಗುವಾನಿ.

ಒಳಗೆ ನಾಲ್ಕು ಮಷೀನುಗಳಿವೆ. 18 ಇಂಚಿನ ಚಕ್ರದ ಬ್ಯಾಂಡ್‌ಸಾ ಒಂದು. ಅಂದರೆ ಮೇಲೊಂದು ಕೆಳಗೊಂದು ಚಕ್ರದ ಮೇಲೆ ಪಟ್ಟಿಯಂಥ ಬ್ಲೇಡ್ ಸುತ್ತುವ ಗರಗಸ, ಚಕ್ರಗಳನ್ನು ಒಂದು ಬದಿಯ ಕಂಬ ಹೊತ್ತಿರುತ್ತದೆ. ಮರದ ಮೈ ನೇರ ಮಾಡುವ, 6 ಅಡಿ ಉದ್ದದ ಮೇಜಿರುವ ರಂಧಾ ಮಷೀನ್ ಒಂದು, ಅದಕ್ಕೇ ಸೇರಿಕೊಂಡು ಪಕ್ಕದಲ್ಲಿ ಸರ್ಕ್ಯುಲರ್ ಗರಗಸ ಕೂತಿದೆ. ಆಮೇಲೆ ಮರವನ್ನು ಒಂದೇ ದಪ್ಪಕ್ಕೆ ತರುವ ತಿಕ್‌ನೆಸ್ ಮಷೀನ್. ಕೊನೆಯದು ಕಂಬದ ಮೇಲೆ ಕೂತ, ತೂತು ಕೊರೆಯುವ ಪಿಲ್ಲರ್ ಡ್ರಿಲ್. ಇವುಗಳಲ್ಲಿ ಯಾವುದಕ್ಕೆ ಗಾಲಿ ಹಾಕಬೇಕು, ಹೇಗೆ ಹಾಕಬೇಕು ಅನ್ನುವ ಪ್ರಶ್ನೆ ನನ್ನ ಹತ್ತಿರ ಬಂತು. ನನ್ನದು ಫ್ಯಾಬ್ರಿಕೇಶನ್ ಕೆಲಸ. ಇದರಲ್ಲಿ ಏನೇನು ಅಳೆದೆವು, ಯಾಕೆ ಹಾಗೆ ತೀರ್ಮಾನಿಸಿದೆವು ಅಂತ ಪೂರ್ತಿ ಬರೆಯುತ್ತಿದ್ದೇನೆ. ಸಣ್ಣ ಜಾಗದಲ್ಲಿ ಭಾರದ ಮಷೀನ್ ಇಟ್ಟುಕೊಂಡವರು ನಮ್ಮಲ್ಲಿ ಬಹಳ ಜನ ಇದ್ದಾರೆ. ಅವರಲ್ಲಿ ಹೆಚ್ಚಿನವರು ನಾಲ್ಕು ಗಾಲಿ ತಂದು ಅಡಿಗೆ ವೆಲ್ಡ್ ಮಾಡಿಸುತ್ತಾರೆ. ಅದು ಅಪಾಯ.

ಜಾಗದ ಲೆಕ್ಕ

ಮರಗೆಲಸದ ಮಷೀನಿಗೆ ಎಷ್ಟು ಜಾಗ ಬೇಕು ಅನ್ನುವುದನ್ನು ಮಷೀನ್ ತೀರ್ಮಾನಿಸುವುದಿಲ್ಲ, ಮರದ ಉದ್ದ ತೀರ್ಮಾನಿಸುತ್ತದೆ. 10 ಅಡಿಯ ಪಕಾಸಿಯನ್ನು ರಂಧಾ ಹೊಡೆಯಬೇಕಾದರೆ ಬ್ಲೇಡಿನ ಈಚೆ 10 ಅಡಿ ಖಾಲಿ ಇರಬೇಕು, ಆಚೆಗೂ 10 ಅಡಿ ಇರಬೇಕು. ಅಲ್ಲಿಗೆ 20 ಅಡಿ ಆಯಿತು. ಶೆಡ್ಡು ಇರುವುದೇ 22 ಅಡಿ. ಬ್ಯಾಂಡ್‌ಸಾಗೂ ಇದೇ ಲೆಕ್ಕ, ತಿಕ್‌ನೆಸ್‌ಗೂ ಇದೇ ಲೆಕ್ಕ. ಮೂರಕ್ಕೂ ಬೇರೆ ಬೇರೆ ಸಾಲು ಕೊಡೋಣ ಅಂದರೆ 14 ಅಡಿ ಅಗಲದಲ್ಲಿ ಮರ ಒಟ್ಟಲು, ಬೆಂಚು ಹಾಕಲು, ಮನುಷ್ಯ ಓಡಾಡಲು ಜಾಗ ಉಳಿಯುವುದಿಲ್ಲ. ಹಾಗಾಗಿ ನಡುವಿನ ಒಂದೇ ಸಾಲನ್ನು ಮಷೀನುಗಳು ಸರದಿಯ ಮೇಲೆ ಬಳಸಬೇಕು. ಕೆಲಸವಿದ್ದದ್ದು ನಡುವಿಗೆ ಬರಬೇಕು, ಮುಗಿದ ಮೇಲೆ ಗೋಡೆ ಬದಿಗೆ ಹೋಗಬೇಕು.

ಮೊದಲೆಲ್ಲ ಹಾರೆ ಹಾಕಿ ಮೀಟಿ, ಕೆಳಗೆ ಪೈಪಿನ ತುಂಡು ಕೊಟ್ಟು ಉರುಳಿಸುತ್ತಿದ್ದರು. ಅದು ನಿಧಾನ, ಮೂರು ಜನ ಬೇಕು, ಬೆರಳು ಸಿಕ್ಕಿಕೊಳ್ಳುವ ಭಯ ಬೇರೆ. ಆದರೂ ಒಂದು ಒಳ್ಳೆಯ ಗುಣ ಅದಕ್ಕಿತ್ತು. ಪೈಪು ತೆಗೆದ ಮೇಲೆ ಮಷೀನ್ ಸೀದಾ ನೆಲದ ಮೇಲೆ ಕೂರುತ್ತಿತ್ತು.

ಹಳೆಯ ಸ್ಟ್ಯಾಂಡು ಯಾಕೆ ವಾಲಿತು

ಬೇಗ ಆಗಲಿ ಅಂತ ಆಚಾರ್ರು ಬೇರೊಂದು ಕಡೆ ಬ್ಯಾಂಡ್‌ಸಾಗೆ ಗಾಲಿಯ ಸ್ಟ್ಯಾಂಡು ಮಾಡಿಸಿದರು. ಮಷೀನಿನ ತಳದಷ್ಟೇ ಅಳತೆಯ ಫ್ರೇಮು, ನಾಲ್ಕು ಮೂಲೆಯ ಅಡಿಗೆ ನಾಲ್ಕು ತಿರುಗುವ ಗಾಲಿ. ಗಟ್ಟಿ ನೈಲಾನಿನದು, 100 ಮಿ.ಮೀ. ವ್ಯಾಸದ್ದು. ತಳ್ಳಿದರೆ ಸುಲಭವಾಗಿ ಓಡುತ್ತಿತ್ತು. ಒಂದು ಸಂಜೆ ಗೋಡೆ ಕಡೆಗೆ ತಳ್ಳುವಾಗ ಮುಂದಿನ ಗಾಲಿ ನೆಲದಲ್ಲಿ ಬಿದ್ದಿದ್ದ ಬೀಡಿಂಗ್ ಪಟ್ಟಿಗೆ ತಾಗಿತು. 6 ಮಿ.ಮೀ. ದಪ್ಪದ ಪಟ್ಟಿ ಅಷ್ಟೇ. ಗಾಲಿ ಗಕ್ಕನೆ ನಿಂತಿತು, ಮಷೀನ್ ಮುಂದಕ್ಕೆ ವಾಲಿತು. ಆಚಾರ್ರು ಮತ್ತು ಒಬ್ಬ ಹುಡುಗ ಹಿಡಿದುಕೊಂಡರು. ಕೆಳಗಿನ ಚಕ್ರದ ಬಾಗಿಲು ಬೆಂಚಿಗೆ ಬಡಿದು ಬಾಗಿತು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ.

"ಗಾಲಿಗೆ ಬ್ರೇಕ್ ಇಲ್ಲದ್ದಕ್ಕೆ ಹೀಗಾಯ್ತಾ ಮಾರಾಯ್ರೇ?" ಅಂತ ಆಚಾರ್ರು ಕೇಳಿದರು.

ಬ್ರೇಕಿಗೂ ಇದಕ್ಕೂ ಸಂಬಂಧವಿಲ್ಲ. ಕಾರಣ ಗೊತ್ತಾಗಬೇಕಾದರೆ ಎರಡು ವಿಷಯ ಗೊತ್ತಿರಬೇಕು: ಮಷೀನಿನ ತೂಕ ಎಷ್ಟು, ಆ ತೂಕದ ನಡುಬಿಂದು ಎಲ್ಲಿದೆ. ಇವೆರಡನ್ನೂ ಮನೆಯ ಡಿಜಿಟಲ್ ತೂಕದ ಮಷೀನಿನಲ್ಲೇ ಕಂಡುಹಿಡಿಯಬಹುದು. 150 ಕೆಜಿ ತೋರಿಸುವಂಥದ್ದು ಸಾಕು.

ನಾವು ಮಾಡಿದ್ದು ಹೀಗೆ. ಕರೆಂಟ್ ತೆಗೆದು ಬ್ಲೇಡ್ ಬಿಚ್ಚಿದೆವು. ತಳದ ಒಂದು ಅಂಚಿನ ಕೆಳಗೆ ಕಬ್ಬಿಣದ ಚೌಕ ಸರಳು ಇಟ್ಟು, ಸರಳಿನ ಕೆಳಗೆ ತೂಕದ ಮಷೀನ್ ಇಟ್ಟೆವು. ಇನ್ನೊಂದು ಅಂಚಿಗೆ ಅಷ್ಟೇ ಎತ್ತರದ ಮರದ ಅಡ್ಡೆ. ಕಂಬದ ಕಡೆ 122 ಕೆಜಿ ಬಂತು. ಅದಲುಬದಲು ಮಾಡಿದಾಗ ಇನ್ನೊಂದು ಕಡೆ 96. ಎರಡೂ ಸೇರಿ 218 ಕೆಜಿ. ತಳದ ಉದ್ದ 600 ಮಿ.ಮೀ. ಇತ್ತು. 96ನ್ನು 218ರಿಂದ ಭಾಗಿಸಿ 600ರಿಂದ ಗುಣಿಸಿದರೆ 264. ಅಂದರೆ ಕಂಬದ ಅಂಚಿನಿಂದ 264 ಮಿ.ಮೀ. ಒಳಗೆ ಭಾರದ ನಡುಬಿಂದು ಇದೆ.

ಅದರ ಎತ್ತರ ತಿಳಿಯಲು ಕಂಬದ ಕಡೆಯನ್ನು 60 ಮಿ.ಮೀ. ಎತ್ತಿ ಅಡ್ಡೆ ಕೊಟ್ಟೆವು. ಇಬ್ಬರು ಎರಡೂ ಬದಿ ಹಿಡಿದು ನಿಂತಿದ್ದರು. ಕೆಳಗಿನ ಅಂಚಿನ ತೂಕ 96ರಿಂದ 127ಕ್ಕೆ ಏರಿತು, ಅಂದರೆ 31 ಕೆಜಿ ಜಾಸ್ತಿ. 600ಕ್ಕೆ 60 ಅಂದರೆ ಹತ್ತರಲ್ಲಿ ಒಂದು ಪಾಲು ಇಳಿಜಾರು. 31ನ್ನು 600ರಿಂದ ಗುಣಿಸಿ, 218ರಿಂದ ಭಾಗಿಸಿ, ಮತ್ತೆ ಹತ್ತರಿಂದ ಗುಣಿಸಿದರೆ ಸುಮಾರು 850 ಬರುತ್ತದೆ. ತಳದಿಂದ 850 ಮಿ.ಮೀ. ಮೇಲೆ ಭಾರದ ನಡುಬಿಂದು. ಬ್ಯಾಂಡ್‌ಸಾದ ಮೇಲಿನ ಚಕ್ರ, ಮೇಜು, ಕಂಬ ಎಲ್ಲ ಸೇರಿ ಭಾರವನ್ನು ಮೇಲಕ್ಕೆ ಒಯ್ದಿವೆ.

ಈಗ ಉಳಿದದ್ದು ಸ್ಪಷ್ಟವಾಗುತ್ತದೆ. ತಳದ ಅಗಲ 450 ಮಿ.ಮೀ., ಅರ್ಧ 225. ಮಷೀನ್ ಸೀದಾ ನೆಲದ ಮೇಲಿದ್ದಾಗ ಅಗಲದ ದಿಕ್ಕಿಗೆ ಸುಮಾರು 15 ಡಿಗ್ರಿ ವಾಲುವವರೆಗೆ ಬೀಳುವುದಿಲ್ಲ. ಹಳೆಯ ಸ್ಟ್ಯಾಂಡಿನಲ್ಲಿ ಏನಾಯಿತು ನೋಡಿ. ಗಾಲಿಯ ತಿರುಗು ಕೇಂದ್ರ ಅಂಚಿನಿಂದ 50 ಮಿ.ಮೀ. ಒಳಗಿತ್ತು. ತಿರುಗುವ ಗಾಲಿ ನೆಲ ಮುಟ್ಟುವುದು ತಿರುಗು ಕೇಂದ್ರದ ನೇರ ಕೆಳಗಲ್ಲ, ಸ್ವಲ್ಪ ಹಿಂದೆ. ಈ ಗಾಲಿಯಲ್ಲಿ ಅದು 38 ಮಿ.ಮೀ. ತಳ್ಳಿದ ದಿಕ್ಕಿಗೆ ಗಾಲಿಗಳೆಲ್ಲ ಹಿಂದಕ್ಕೆ ತಿರುಗುವುದರಿಂದ ಮುಂದಿನ ಗಾಲಿಗಳು ಮಷೀನಿನ ಒಳಕ್ಕೆ ಸರಿದು ನಿಲ್ಲುತ್ತವೆ. 225ರಲ್ಲಿ 50 ಹೋಯಿತು, 38 ಹೋಯಿತು, ಉಳಿದದ್ದು 137. ಇದರ ಮೇಲೆ ಮಷೀನ್ 130 ಮಿ.ಮೀ. ಮೇಲಕ್ಕೂ ಏರಿತ್ತು. 15 ಡಿಗ್ರಿ ಇದ್ದದ್ದು 8 ಡಿಗ್ರಿಗೆ ಇಳಿದಿತ್ತು.

ಇನ್ನೂ ಒಂದು ಲೆಕ್ಕ ಹಾಕಿದೆವು. ಮುಂದಿನ ಗಾಲಿ ಸಿಕ್ಕಿಕೊಂಡು ನಿಂತಿದ್ದರೆ, 1.2 ಮೀಟರ್ ಎತ್ತರದಲ್ಲಿ ಕೈಯಿಟ್ಟು ಬರೀ 26 ಕೆಜಿಯಷ್ಟು ಒತ್ತಿದರೆ ಈ ಮಷೀನ್ ಮಗುಚುತ್ತದೆ. ಒಂದು ಗಾಲಿ 6 ಮಿ.ಮೀ. ಪಟ್ಟಿ ಹತ್ತಬೇಕಾದರೆ 31 ಕೆಜಿ ಬೇಕು. ಪಟ್ಟಿ ಹತ್ತುವ ಮೊದಲೇ ಮಷೀನ್ ಉರುಳುವಂತೆ ಆ ಸ್ಟ್ಯಾಂಡು ಇತ್ತು. ತಳ್ಳಿದವರದ್ದು ಏನೂ ತಪ್ಪಿರಲಿಲ್ಲ. ಇದನ್ನು ಕಾಗದದ ಮೇಲೆ ತೋರಿಸಿದಾಗ ಆಚಾರ್ರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಹುಡುಗರನ್ನು ಕರೆದು ಅವರಿಗೂ ತೋರಿಸಿದರು.

ಯಾವುದು ಓಡಾಡಬೇಕು

ಹೊಸದು ಮಾಡುವ ಮೊದಲು ನಾನು ಕೇಳಿದ್ದು ಒಂದೇ. "ಆಚಾರ್ರೇ, ನಾಲ್ಕರಲ್ಲಿ ಯಾವುದು ಎಷ್ಟು ಸಲ ಜಾಗ ಬಿಡಬೇಕು?" ಈ ಪ್ರಶ್ನೆಗೆ ಉತ್ತರ ಬರದೆ ಕಬ್ಬಿಣ ಕತ್ತರಿಸಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ತಿಕ್‌ನೆಸ್ ಮಷೀನ್ ಎಲ್ಲಕ್ಕಿಂತ ಭಾರ. ಅದನ್ನು ಸರಿಸುವ ಅಗತ್ಯವೇ ಇಲ್ಲ ಅಂತ ಗೊತ್ತಾಯಿತು. ಶಟರಿಗೆ ನೇರವಾಗಿ, ಒಂದು ಬದಿಗೆ ಅದನ್ನು ಕೂರಿಸಿದೆವು. ಮರ ಒಳಗಿನಿಂದ ಹೋಗಿ ಶಟರಿನ ಆಚೆ ಹೊರಬರುತ್ತದೆ. ಹೊರಗೆ ಒಂದು ರೋಲರ್ ಸ್ಟ್ಯಾಂಡು ಇಟ್ಟರೆ ಆಯಿತು. ಮಳೆಗಾಲಕ್ಕೆ ಶಟರಿನ ಮುಂದೆ ಶೀಟಿನ ಮಾಡು ಇಳಿಸಬೇಕಾಯಿತು. ಆ ಖರ್ಚು ಗಾಲಿಯ ಖರ್ಚಿಗಿಂತ ಲಾಭದ್ದು, ಮಾಡಿನ ಕೆಳಗೆ ಮರ ಇಳಿಸಲೂ ಆಗುತ್ತದೆ. ಮಷೀನನ್ನು ನೆಲಕ್ಕೆ ಬಿಗಿಯುವ ಆಂಕರ್ ಬೋಲ್ಟ್ ಹಾಕಿದೆವು.

ಬ್ಯಾಂಡ್‌ಸಾ ವಾರದಲ್ಲಿ ಒಂದೆರಡು ಸಲ ಜಾಗ ಬದಲಾಯಿಸುತ್ತದೆ. ರಂಧಾ ಮಷೀನ್ ಉದ್ದದ ಮರ ಬಂದಾಗ ಮಾತ್ರ ನಡುವಿಗೆ ಬರಬೇಕು, ಬಂದರೆ ಎರಡು ದಿನ ಅಲ್ಲೇ ಇರುತ್ತದೆ. ಎರಡರ ಅಗತ್ಯ ಬೇರೆ, ಹಾಗಾಗಿ ಉಪಾಯವೂ ಬೇರೆ.

ರೆಡಿಮೇಡ್ ಬೇಸ್ ತರಬಹುದಾ ಅಂತಲೂ ನೋಡಿದೆವು. ಆನ್‌ಲೈನಿನಲ್ಲಿ ಸಿಗುವವು ಹೆಚ್ಚಾಗಿ ಹವ್ಯಾಸಕ್ಕೆ ಬಳಸುವ ಹಗುರ ಮಷೀನಿಗೆ ಮಾಡಿದವು. ಮೂಲೆಗಳು ತಗಡಿನವು, ಉದ್ದ ಹೊಂದಿಸಲು ಬೋಲ್ಟ್ ಹಾಕಿದ ಪಟ್ಟಿ. 100 ಕೆಜಿಯ ಮಷೀನಿಗೆ ಅವು ಚೆನ್ನಾಗಿಯೇ ಇರುತ್ತವೆ. 200 ಕೆಜಿ ದಾಟಿ, ಅದೂ ತಲೆಭಾರದ ಮಷೀನಾದರೆ ಆ ಬೋಲ್ಟಿನ ಜೋಡಣೆಯನ್ನು ನಾನು ನಂಬುವುದಿಲ್ಲ.

ಎರಡು ಫೋರ್ಕನ್ನು ಭಾರದ ಕೆಳಗೆ ತೂರಿಸಿ ಎತ್ತಿ ಸಾಗಿಸುವ ಪ್ಯಾಲೆಟ್ ಟ್ರಕ್ ಇನ್ನೊಂದು ದಾರಿ. ಪ್ರತಿ ಮಷೀನಿನ ಕೆಳಗೆ ಎರಡು ದಪ್ಪ ದಿಮ್ಮಿ ಬೋಲ್ಟ್ ಮಾಡಿಟ್ಟರೆ ಒಂದೇ ಟ್ರಕ್ ಎಲ್ಲವನ್ನೂ ಸಾಗಿಸುತ್ತದೆ. ಕೈಯಲ್ಲಿ ಎಳೆಯುವ ಟ್ರಕ್ ಕೂಡ ಸಾಮಾನ್ಯವಾಗಿ 2 ಟನ್‌ಗಿಂತ ಜಾಸ್ತಿ ಹೊರುತ್ತದೆ. ಐದಾರು ಭಾರದ ಮಷೀನಿರುವ ದೊಡ್ಡ ಶೆಡ್ಡಿಗೆ ಇದೇ ಒಳ್ಳೆಯದು ಅಂತ ನಾನು ಹೇಳುತ್ತೇನೆ. ಇಲ್ಲಿ ಅದು ಕೂಡಲಿಲ್ಲ. ಅದರ ಫೋರ್ಕಿನ ಉದ್ದವೇ 1 ಮೀಟರ್ ಮೇಲೆ. ಹಿಡಿಕೆ ತಿರುಗಿಸಲು ಬೇಕಾದ ಜಾಗ ಈ ಶೆಡ್ಡಿನಲ್ಲಿಲ್ಲ. ದಿಮ್ಮಿಯಿಂದಾಗಿ ಮೇಜು 100 ಮಿ.ಮೀ. ಏರುತ್ತದೆ, ಇಡೀ ದಿನ ನಿಂತು ಕೆಲಸ ಮಾಡುವವರ ಭುಜಕ್ಕೆ ಅದು ಒಳ್ಳೆಯದಲ್ಲ.

ಬ್ಯಾಂಡ್‌ಸಾದ ಹೊಸ ಬೇಸ್

ಇಲ್ಲಿ ಮೂರು ಗುರಿ ಇಟ್ಟುಕೊಂಡೆ. ಗಾಲಿ ಮಷೀನಿನ ಹೊರಗಿರಬೇಕು. ಮಷೀನ್ ಆದಷ್ಟು ನೆಲಕ್ಕೆ ಹತ್ತಿರ ಇರಬೇಕು. ಕೆಲಸ ಮಾಡುವಾಗ ಗಾಲಿಯ ಮೇಲೆ ಒಂದು ಕೆಜಿ ಭಾರವೂ ಇರಬಾರದು. ಮೂರನೆಯದನ್ನು ಎಲ್ಲರೂ ಮರೆಯುತ್ತಾರೆ. ಗಾಲಿಯ ಬೇಸ್ ಅದರ ಆಯುಷ್ಯದಲ್ಲಿ ಬಹುಪಾಲು ಸುಮ್ನೆ ನಿಂತೇ ಇರುತ್ತದೆ. ಚೆನ್ನಾಗಿ ನಿಲ್ಲುವುದೇ ಅದರ ಮೊದಲ ಕೆಲಸ.

ಮಷೀನ್ ಕೂರಲು 50×50×6 ಆಂಗಲಿನಿಂದ (L ಆಕಾರದ ಕಬ್ಬಿಣದ ಪಟ್ಟಿ) ತೊಟ್ಟಿ ಮಾಡಿದೆವು. ಆಂಗಲಿನ ಅಡ್ಡ ರೆಕ್ಕೆ ಕೆಳಗೆ, ಮಷೀನಿನ ತಳ ಅದರ ಮೇಲೆ. ಓಡಿಸುವಾಗ ನೆಲದಿಂದ ಆಂಗಲಿಗೆ 14 ಮಿ.ಮೀ. ಸಂದು. ಹಾಗಾಗಿ ಮಷೀನ್ ಏರಿದ್ದು ಬರೀ 20 ಮಿ.ಮೀ. ತೊಟ್ಟಿಯ ಎರಡು ತುದಿಗೆ, ಮಷೀನಿನ ಎಡಕ್ಕೂ ಬಲಕ್ಕೂ, 80×40ರ ಆಯತ ಪೈಪನ್ನು ಅಡ್ಡ ಹಾಕಿ ವೆಲ್ಡ್ ಮಾಡಿದೆವು. ಪೈಪಿನ ತುದಿಗಳ ಅಡಿಯಲ್ಲಿ ಗಾಲಿ.

ಆಂಗಲಿಗೇ ಪಕ್ಕಕ್ಕೆ ಪ್ಲೇಟ್ ಹಚ್ಚಿ ಗಾಲಿ ಕೂರಿಸಬಹುದಿತ್ತಲ್ವಾ ಅಂತ ಕೇಳಬಹುದು. ಹಾಗೆ ಮಾಡಿದರೆ ಗಾಲಿ ಒತ್ತಿದಾಗೆಲ್ಲ ಆಂಗಲ್ ತಿರುಚಿಕೊಳ್ಳುತ್ತದೆ. ಆಂಗಲ್ ಬಗ್ಗುವುದನ್ನು ಚೆನ್ನಾಗಿ ತಡೆಯುತ್ತದೆ, ತಿರುಚುವುದನ್ನು ತಡೆಯುವುದಿಲ್ಲ. ಮುಚ್ಚಿದ ಪೈಪು ಎರಡನ್ನೂ ತಡೆಯುತ್ತದೆ. ಫ್ಯಾಬ್ರಿಕೇಶನ್ ಮಾಡುವ ಹುಡುಗರಿಗೆ ನಾನು ಇದನ್ನು ಕೈಯಲ್ಲೇ ತೋರಿಸುತ್ತೇನೆ. ಒಂದು ಮೀಟರ್ ಆಂಗಲನ್ನು ವೈಸಿನಲ್ಲಿ ಕಚ್ಚಿಸಿ, ತುದಿಗೆ ಪೈಪ್ ಪಾನಾ ಹಾಕಿ ತಿರುಚಿಸಿ. ಆಮೇಲೆ ಅಷ್ಟೇ ತೂಕದ ಚೌಕ ಪೈಪನ್ನು ತಿರುಚಲು ಹೇಳಿ. ಒಮ್ಮೆ ಮಾಡಿ ನೋಡಿದವರು ಮರೆಯುವುದಿಲ್ಲ.

ಗಾಲಿ ಎಷ್ಟು ಕೆಜಿಯದ್ದು ಬೇಕು? ಮಷೀನ್ ಮತ್ತು ಫ್ರೇಮ್ ಸೇರಿ ಸುಮಾರು 245 ಕೆಜಿ. ಇದನ್ನು ನಾಲ್ಕರಿಂದ ಭಾಗಿಸಬಾರದು, ಮೂರರಿಂದ ಭಾಗಿಸಬೇಕು. ನಮ್ಮ ಸಿಮೆಂಟ್ ನೆಲ ಎಲ್ಲೂ ಪೂರ್ತಿ ಮಟ್ಟ ಇರುವುದಿಲ್ಲ, ಯಾವಾಗಲೂ ಒಂದು ಗಾಲಿ ಗಾಳಿಯಲ್ಲಿರುತ್ತದೆ. ಹಾಗೆ ನೋಡಿದರೆ ಒಂದಕ್ಕೆ 82 ಕೆಜಿ ಬೀಳುತ್ತದೆ. ನಾವು 150 ಕೆಜಿಯದ್ದು ಹಾಕಿದೆವು. ಆಚಾರ್ರ ಹತ್ತಿರ ಗುಜರಿಯಲ್ಲಿ ಸಿಕ್ಕ ನಾಲ್ಕು ಗಾಲಿ ಇದ್ದವು, ನೋಡಲು ಗಟ್ಟಿಯಾಗಿಯೇ ಇದ್ದವು. ಎಷ್ಟು ಭಾರ ತಡೆಯುತ್ತವೆ ಅಂತ ಬರೆದಿಲ್ಲದ ಗಾಲಿಯನ್ನು ಇಂಥ ಕೆಲಸಕ್ಕೆ ಹಾಕಬಾರದು. ಅವು ಚೆಕ್ಕೆ ತುಂಬುವ ತಳ್ಳುಗಾಡಿಗೆ ಹೋದವು. ಒಟ್ಟು ಖರ್ಚಿನಲ್ಲಿ ಕಬ್ಬಿಣಕ್ಕಿಂತ ಗಾಲಿಗೇ ಜಾಸ್ತಿ ಹೋಯಿತು, ಅದು ಹಾಗೇ ಇರಬೇಕಾದದ್ದು.

ವ್ಯಾಸದ ವಿಷಯದಲ್ಲೂ ಜಿಪುಣತನ ಬೇಡ. ಗಾಲಿಯ ಮೇಲೆ 80 ಕೆಜಿ ಇದ್ದು, ಅದೇ 6 ಮಿ.ಮೀ. ಪಟ್ಟಿ ಎದುರಾಯಿತು ಅಂದುಕೊಳ್ಳಿ. 50 ಮಿ.ಮೀ. ಗಾಲಿ ಅದನ್ನು ಹತ್ತಲು ಸುಮಾರು 68 ಕೆಜಿ ತಳ್ಳು ಬೇಕು. 100 ಮಿ.ಮೀ. ಗಾಲಿಗೆ 43. 150ಕ್ಕೆ 34. ನಾವು 100ಕ್ಕೇ ನಿಂತೆವು, ಯಾಕೆಂದರೆ ಅದಕ್ಕಿಂತ ದೊಡ್ಡದಾದರೆ ಅಡ್ಡ ಪೈಪು ತುಂಬ ಮೇಲೇರಿ ಕೆಳಗಿನ ಚಕ್ರದ ಬಾಗಿಲು ತೆರೆಯಲು ಅಡ್ಡ ಬರುತ್ತಿತ್ತು. ಮೈ ಪಾಲಿಯುರಿಥೇನಿನದು. ನೈಲಾನ್ ಇದಕ್ಕಿಂತ ಹಗುರವಾಗಿ ಉರುಳುತ್ತದೆ ನಿಜ, ಆದರೆ ಸಣ್ಣ ಚೆಕ್ಕೆ ಸಿಕ್ಕರೂ ನಿಂತುಬಿಡುತ್ತದೆ. ಮೆತ್ತನೆ ರಬ್ಬರ್ ಚೆಕ್ಕೆಯನ್ನು ನುಂಗಿಕೊಂಡು ಹೋಗುತ್ತದೆ, ಆದರೆ ಭಾರ ಹೊತ್ತು ವಾರಗಟ್ಟಲೆ ನಿಂತರೆ ಒಂದು ಕಡೆ ಚಪ್ಪಟೆಯಾಗುತ್ತದೆ. ಎರಕದ ಕಬ್ಬಿಣದ ಗಾಲಿ ನೆಲವನ್ನೇ ಕೆರೆಯುತ್ತದೆ.

ನಾಲ್ಕೂ ತಿರುಗುವ ಗಾಲಿ ಹಾಕಲಿಲ್ಲ. ಭಾರ ಜಾಸ್ತಿಯಿರುವ ಕಂಬದ ಕಡೆ ಎರಡು ನೇರ ಗಾಲಿ, ಇನ್ನೊಂದು ಕಡೆ ಎರಡು ತಿರುಗುವ ಗಾಲಿ. ಇದರಿಂದ ಮಷೀನ್ ಯಾವಾಗಲೂ ಉದ್ದದ ದಿಕ್ಕಿಗೇ ಓಡುತ್ತದೆ. ಅಗಲದ ದಿಕ್ಕಿಗೆ ತಳ್ಳಿದರೂ ಹೋಗುವುದಿಲ್ಲ. ಹಳೆಯ ಸ್ಟ್ಯಾಂಡು ವಾಲಿದ್ದು ಆ ದಿಕ್ಕಿಗೇ. ಮೂರೇ ಗಾಲಿ ಸಾಕಲ್ವಾ, ಒಂದೂ ಗಾಳಿಯಲ್ಲಿ ನಿಲ್ಲುವುದಿಲ್ಲವಲ್ಲ ಅಂತ ಒಬ್ಬ ಹುಡುಗ ಕೇಳಿದ. ಒಳ್ಳೆಯ ಪ್ರಶ್ನೆ, ಅದಕ್ಕೂ ಲೆಕ್ಕ ಹಾಕಿದೆವು. ಮೂರು ಗಾಲಿಯಾದರೆ ಆಸರೆ ತ್ರಿಕೋನವಾಗುತ್ತದೆ. ಭಾರದ ನಡುಬಿಂದುವಿನಿಂದ ತ್ರಿಕೋನದ ಓರೆ ಅಂಚಿಗೆ 144 ಮಿ.ಮೀ. ಮಾತ್ರ ಉಳಿಯುತ್ತದೆ, ವಾಲುವ ಮಿತಿ ಮತ್ತೆ 9 ಡಿಗ್ರಿ ಹತ್ತಿರಕ್ಕೆ ಇಳಿಯುತ್ತದೆ. ಕುಳ್ಳಗಿನ ಮಷೀನಿಗೆ ಮೂರು ಗಾಲಿ ನಡೆಯುತ್ತದೆ. ಬ್ಯಾಂಡ್‌ಸಾಗೆ ಖಂಡಿತ ಬೇಡ.

ಹೊಸ ಬೇಸಿನಲ್ಲಿ ನಡುವಿನಿಂದ ಗಾಲಿಯ ಕೇಂದ್ರಕ್ಕೆ 285 ಮಿ.ಮೀ. ತಿರುಗುವ ಗಾಲಿ ಪೂರ್ತಿ ಒಳಕ್ಕೆ ತಿರುಗಿದರೂ 247 ಉಳಿಯುತ್ತದೆ. ವಾಲುವ ಮಿತಿ ಸುಮಾರು 16 ಡಿಗ್ರಿ. ಬರೀ ನೆಲದ ಮೇಲೆ ಇಟ್ಟಿದ್ದಕ್ಕಿಂತ ಒಂದು ಡಿಗ್ರಿ ಜಾಸ್ತಿಯೇ. ತಳ್ಳಲು ಕಂಬದ ಕಡೆ 700 ಮಿ.ಮೀ. ಎತ್ತರಕ್ಕೆ ಪೈಪಿನ ಹಿಡಿಕೆ ಕೊಟ್ಟೆವು. ಹಿಡಿಕೆ ಇಲ್ಲದಿದ್ದರೆ ಜನ ಮೇಲಿನ ಚಕ್ರದ ಕವಚಕ್ಕೆ ಕೈಯಿಟ್ಟು ತಳ್ಳುತ್ತಾರೆ. ಕೈ ಎಷ್ಟು ಮೇಲಿದ್ದರೆ ಮಗುಚುವುದು ಅಷ್ಟು ಸುಲಭ.

ನಿಲ್ಲಿಸಲು ನಾಲ್ಕು ಮೂಲೆಗೆ ಎಂ16 (16 ಮಿ.ಮೀ. ವ್ಯಾಸದ) ಬೋಲ್ಟಿನ ಕಾಲು, ಕೆಳಗೆ 60 ಮಿ.ಮೀ. ಅಗಲದ ಬಿಲ್ಲೆ. ಈ ಬೋಲ್ಟ್ ಒಂದು ಸುತ್ತಿಗೆ 2 ಮಿ.ಮೀ. ಇಳಿಯುತ್ತದೆ. ಬಿಲ್ಲೆ ನೆಲ ಮುಟ್ಟಿದ ಮೇಲೆ ಎರಡು ಸುತ್ತು ಕೊಟ್ಟರೆ ಗಾಲಿ 4 ಮಿ.ಮೀ. ಮೇಲೇಳುತ್ತದೆ. ಕಾಲಲ್ಲಿ ಒತ್ತಿದರೆ ಏಳುವ ಪೆಡಲ್ ಲಿಫ್ಟ್ ಮಾಡಬಹುದಿತ್ತು. ದಿನಕ್ಕೆ ನಾಲ್ಕು ಸಲ ಸರಿಸುವವರಿಗೆ ಅದು ಬೇಕು. ವಾರಕ್ಕೆ ಎರಡು ಸಲಕ್ಕೆ ಬೋಲ್ಟ್ ಸಾಕು, ಅದರಲ್ಲಿ ಕೆಡುವಂಥದ್ದೂ ಏನಿಲ್ಲ.

ಮುಗಿದ ಮೇಲೆ ಮೇಜಿನ ಮೇಲೆ ಹಳೆಯ ದಪ್ಪ 5 ರೂಪಾಯಿ ನಾಣ್ಯವನ್ನು ಅಂಚಿನ ಮೇಲೆ ನಿಲ್ಲಿಸಿ ಮಷೀನ್ ಚಾಲೂ ಮಾಡಿದೆವು. ನಾಣ್ಯ ನಿಂತೇ ಇತ್ತು. ಕಾಲು ಎತ್ತಿ ಗಾಲಿಯ ಮೇಲೆ ಬಿಟ್ಟು ಮತ್ತೆ ಚಾಲೂ ಮಾಡಿದರೆ ಬಿದ್ದುಹೋಯಿತು. ಬ್ರೇಕ್ ಹಾಕಿದ ಗಾಲಿಯ ಮೇಲೆ ಬ್ಯಾಂಡ್‌ಸಾ ಓಡಿಸುವವರು ಇದನ್ನೊಮ್ಮೆ ಮಾಡಿ ನೋಡಬೇಕು. ಬ್ರೇಕ್ ಗಾಲಿ ಉರುಳುವುದನ್ನು ತಡೆಯುತ್ತದೆ. ಗಾಲಿಯ ತಿರುಗು ಬೇರಿಂಗಿನ ಸಡಿಲ ಹಾಗೇ ಉಳಿಯುತ್ತದೆ, ಮಷೀನಿನ ನಡುಕಕ್ಕೆ ಅಷ್ಟು ಸಡಿಲ ಸಾಕು.

ರಂಧಾ ಮಷೀನಿಗೆ ಎರಡೇ ಗಾಲಿ

ರಂಧಾ ಮಷೀನ್ ಕುಳ್ಳಗಿದೆ, ವಾಲುವ ಭಯ ಕಡಿಮೆ. ಅದರ ಕಷ್ಟ ಬೇರೆ. ಅದರ ಮೇಜು ಎರಡು ಭಾಗ, ಎರಡೂ ಒಂದೇ ಮಟ್ಟದಲ್ಲಿರಬೇಕು. ತಳ ತಿರುಚಿದರೆ ಮೇಜೂ ತಿರುಚುತ್ತದೆ. ಆಮೇಲೆ ಎಷ್ಟು ಹೊಡೆದರೂ ಮರ ನೇರ ಬರುವುದಿಲ್ಲ. ಅದಕ್ಕೆ ಫ್ರೇಮಿನ ಮೇಲೆ ಕೂರಿಸುವುದೇ ಬೇಡ, ಅದರ ಸ್ವಂತ ಕಾಲಿನ ಮೇಲೇ ನಿಲ್ಲಲಿ ಅಂತ ಮಾಡಿದೆವು.

ತೂಗಿದಾಗ ಒಂದು ತುದಿ 146, ಇನ್ನೊಂದು 138, ಒಟ್ಟು 284 ಕೆಜಿ. ಭಾರದ ತುದಿಯಲ್ಲಿ, ಕಾಲಿನಿಂದ 150 ಮಿ.ಮೀ. ಹೊರಗೆ, ಮೇಜಿನ ಅಡಿಯಲ್ಲಿ ಎರಡು ನೇರ ಗಾಲಿ ಕಟ್ಟಿದೆವು. ಮಷೀನ್ ನಿಂತಾಗ ಅವು ನೆಲದಿಂದ 3 ಮಿ.ಮೀ. ಮೇಲಿರುತ್ತವೆ. ಇನ್ನೊಂದು ತುದಿಗೆ ಒಂದು ಕೊಂಡಿ. ಅದಕ್ಕೆ ಗಾಲಿಯಿರುವ ಸನ್ನೆಕೋಲು ಸಿಕ್ಕಿಸಬೇಕು. ಸನ್ನೆಯ ಗಾಲಿಯಿಂದ ಕೊಂಡಿಗೆ 120 ಮಿ.ಮೀ., ಹಿಡಿಕೆಗೆ 1,200 ಮಿ.ಮೀ. ಹತ್ತರಲ್ಲಿ ಒಂದು ಪಾಲು ಬಲ ಸಾಕು. ಮೊದಲು 14 ಕೆಜಿಯಷ್ಟು ಒತ್ತಬೇಕು, ಭಾರದ ತುದಿಯ ಗಾಲಿ ನೆಲ ಹಿಡಿದ ಮೇಲೆ 16. ಸನ್ನೆಯ ತುದಿ 60 ಮಿ.ಮೀ. ಏಳುವಷ್ಟರಲ್ಲಿ ಭಾರದ ತುದಿಯ ಕಾಲು ನೆಲದಿಂದ 7 ಮಿ.ಮೀ. ಬಿಟ್ಟಿರುತ್ತದೆ. ಒಬ್ಬರೇ ಎಳೆದುಕೊಂಡು ಹೋಗಬಹುದು. ಕೆಲಸವಾದ ಮೇಲೆ ಸನ್ನೆ ತೆಗೆದು ಗೋಡೆಗೆ ನೇತುಹಾಕುತ್ತಾರೆ.

ಗಾಲಿಯನ್ನು ಕಾಲಿನ ಪಕ್ಕದಲ್ಲೇ ಕಟ್ಟಿದರೆ ಈ ಉಪಾಯ ನಡೆಯುವುದಿಲ್ಲ. ಎಷ್ಟು ಎತ್ತಿದರೂ ಕಾಲು ನೆಲ ಬಿಡುವುದಿಲ್ಲ. ಹೊರಗೆ ಹೋದಷ್ಟೂ ಕಾಲು ಚೆನ್ನಾಗಿ ಏಳುತ್ತದೆ. ಈ ಮಷೀನಿನ ಮೇಜು ತಳಕ್ಕಿಂತ ಎರಡೂ ಕಡೆ ಚಾಚಿಕೊಂಡಿರುವುದರಿಂದ ಗಾಲಿ ಹೊರಗಿದ್ದರೂ ಯಾರ ಕಾಲಿಗೂ ತಾಗುವುದಿಲ್ಲ.

ಹೊಸ ಜಾಗದಲ್ಲಿ ನಿಲ್ಲಿಸಿದಾಗ ಮಟ್ಟ ಮಾಡುವುದು ಆಚಾರ್ರ ಕೆಲಸ. ಮೂರು ಕಲ್ಲಿನ ಒಲೆಯ ಮೇಲೆ ಪಾತ್ರೆ ಅಲುಗಾಡುವುದಿಲ್ಲ ನೋಡಿ, ಅದೇ ಇಲ್ಲಿಯೂ. ಮೊದಲು ಮೂರು ಕಾಲಿನ ಬೋಲ್ಟಿನ ಮೇಲೆ ಮಟ್ಟ ತರುತ್ತಾರೆ, ಆಗ ನಾಲ್ಕನೆಯದು ಗಾಳಿಯಲ್ಲಿರುತ್ತದೆ. ಆಮೇಲೆ ಅದನ್ನು ನೆಲಕ್ಕೆ ಮುಟ್ಟಿಸಿ ಸ್ವಲ್ಪವೇ ಬಿಗಿ ಮಾಡುತ್ತಾರೆ. ಕೊನೆಗೆ ಮೇಜಿನ ಎರಡು ತುದಿಗೆ ಎರಡು ನೇರ ಪಟ್ಟಿ ಅಡ್ಡ ಇಟ್ಟು, ಬಗ್ಗಿ, ಒಂದರ ಮೇಲಂಚು ಇನ್ನೊಂದಕ್ಕೆ ಸಮ ಕಾಣುತ್ತದಾ ಅಂತ ನೋಡುತ್ತಾರೆ. ನಾನು ತಂದ ಮಟ್ಟಗೋಲಿಗಿಂತ ಅವರ ಕಣ್ಣು ಚುರುಕು.

ನೆಲ ಮತ್ತು ಕರೆಂಟು

ನೆಲದ ಬಿರುಕುಗಳಿಗೆ ಸಿಮೆಂಟ್ ತುಂಬಿಸಿದೆವು. ಮಷೀನ್ ನಿಲ್ಲುವ ಜಾಗಗಳಿಗೆ ಹಳದಿ ಬಣ್ಣದ ಗುರುತು ಹಾಕಿದೆವು. ಪ್ರತಿ ಸಲ ಅದೇ ಜಾಗದಲ್ಲಿ ನಿಂತರೆ ಬೋಲ್ಟಿನ ಕಾಲನ್ನು ಹೊಸದಾಗಿ ಹೊಂದಿಸುವ ಕೆಲಸ ಕಡಿಮೆ. ತಳ್ಳುವ ಮೊದಲು ದಾರಿ ಗುಡಿಸಲೇಬೇಕು, ಇದು ಈಗ ಶೆಡ್ಡಿನ ನಿಯಮ.

ಕರೆಂಟಿನ ಬಗ್ಗೆ ಇನ್ನೂ ಎಚ್ಚರ ಬೇಕು. ಓಡಾಡುವ ಮಷೀನಿಗೆ ಪ್ಲಗ್ ಬೇಕೇ ಬೇಕು. ಇದು 415 ವೋಲ್ಟಿನ ತ್ರೀ ಫೇಸ್. ಲೋಹದ ಕವಚದ ಗಡಸು ಕೇಬಲ್ ಪದೇ ಪದೇ ಬಾಗಿದರೆ ಒಳಗೆ ಕಡಿಯುತ್ತದೆ. ಬಳುಕುವ ತಾಮ್ರದ ಕೇಬಲ್ ಹಾಕಿಸಿ, ಅರ್ತ್ ಸೇರಿಸಿ ನಾಲ್ಕು ತಂತಿಯ ಇಂಡಸ್ಟ್ರಿಯಲ್ ಪ್ಲಗ್ ಹಾಕಿಸಿದೆವು. ಸಾಕೆಟ್ಟುಗಳು ಮೇಲಿನಿಂದ ಇಳಿಬಿದ್ದಿವೆ, ಕೇಬಲ್ ಮೇಲೆ ಗಾಲಿ ಹತ್ತುವ ಪ್ರಶ್ನೆಯೇ ಇಲ್ಲ.

ಒಂದು ವಿಷಯವನ್ನು ಒತ್ತಿ ಹೇಳುತ್ತೇನೆ. ಎಲ್ಲ ಸಾಕೆಟ್ಟಿನಲ್ಲೂ ಫೇಸಿನ ಕ್ರಮ ಒಂದೇ ಇರಬೇಕು. ಎರಡು ಫೇಸ್ ಅದಲುಬದಲಾದರೆ ಮೋಟಾರ್ ಉಲ್ಟಾ ತಿರುಗುತ್ತದೆ. ಸರ್ಕ್ಯುಲರ್ ಗರಗಸದ ನಟ್ಟು ಸರಿಯಾದ ದಿಕ್ಕಿಗೆ ತಿರುಗಿದಾಗ ಬಿಗಿಯಾಗುವಂತೆ ಇರುತ್ತದೆ. ಉಲ್ಟಾ ತಿರುಗಿದರೆ ಬಿಚ್ಚಿಕೊಳ್ಳಬಹುದು. ಎಲೆಕ್ಟ್ರಿಷಿಯನ್ ಫೇಸ್ ಕ್ರಮ ತೋರಿಸುವ ಮೀಟರ್ ಹಿಡಿದು ಪ್ರತಿ ಸಾಕೆಟ್ ನೋಡಿದರು. ಈಗಲೂ ಮಷೀನನ್ನು ಹೊಸ ಸಾಕೆಟ್ಟಿಗೆ ಹಾಕಿದಾಗ, ಅಥವಾ ಹೊರಗೆ ಲೈನಿನ ಕೆಲಸ ನಡೆದ ಮೇಲೆ, ಒಂದು ಕ್ಷಣ ಚಾಲೂ ಮಾಡಿ ದಿಕ್ಕು ನೋಡಿಯೇ ಕೆಲಸ ಶುರು ಮಾಡುತ್ತಾರೆ. ಆಗ ಯಾರೂ ಬ್ಲೇಡಿನ ನೇರಕ್ಕೆ ನಿಲ್ಲುವುದಿಲ್ಲ.

ಒಂದು ಮಳೆಗಾಲ ಕಳೆದ ಮೇಲೆ

ಬ್ಯಾಂಡ್‌ಸಾವನ್ನು ಈಗ ಒಬ್ಬ ಹುಡುಗ ತಳ್ಳುತ್ತಾನೆ, ಇನ್ನೊಬ್ಬ ಮುಂದೆ ದಾರಿ ನೋಡುತ್ತಾನೆ. ಉದ್ದದ ಕೆಲಸಗಳನ್ನು ಬೇರೆಯವರ ಮಿಲ್ಲಿಗೆ ಕಳಿಸುವುದು ನಿಂತಿದೆ. ಮಳೆಗಾಲದ ತೇವಕ್ಕೆ ತಿರುಗುವ ಗಾಲಿಯ ಬೇರಿಂಗಿನಲ್ಲಿ ಮರದ ಪುಡಿ ಕೂತು ಗಟ್ಟಿಯಾಗಿತ್ತು. ಮತ್ತಿಯ ಪುಡಿಯಂತೂ ಗ್ರೀಸಿನ ಜೊತೆ ಸೇರಿ ಗಟ್ಟಿ ಅಂಟಾಗಿತ್ತು. ಸೀಮೆಎಣ್ಣೆಯಲ್ಲಿ ತೊಳೆದು ಹೊಸ ಗ್ರೀಸ್ ತುಂಬಿದೆವು. ಬೋಲ್ಟಿನ ಕಾಲುಗಳ ಹಲ್ಲಿಗೂ ಗ್ರೀಸ್ ಬೇಕು, ಇಲ್ಲದಿದ್ದರೆ ತುಕ್ಕು ಹಿಡಿದು ತಿರುಗುವುದಿಲ್ಲ. ತಿರುಗದಿದ್ದರೆ ಹುಡುಗರು ಅವಸರಕ್ಕೆ ಗಾಲಿಯ ಮೇಲೇ ಮಷೀನ್ ಚಾಲೂ ಮಾಡುತ್ತಾರೆ. ಮೇ ಕೊನೆಗೆ ಒಮ್ಮೆ, ಅಕ್ಟೋಬರಿನಲ್ಲಿ ಒಮ್ಮೆ ಈ ಕೆಲಸ ಮಾಡಬೇಕು ಅಂತ ಗೋಡೆಯ ಮೇಲೆ ಬರೆದಿಟ್ಟಿದ್ದಾರೆ.

ಪಿಲ್ಲರ್ ಡ್ರಿಲ್ಲಿಗೂ ಗಾಲಿ ಹಾಕಿಕೊಡಿ ಅಂತ ಆಚಾರ್ರು ಕೇಳಿದರು. ಅದರ ಮೋಟಾರು, ತಲೆ ಎಲ್ಲ ಮೇಲೆಯೇ ಇದೆ, ತಳ ಇನ್ನೂ ಕಿರಿದು. ಅದಕ್ಕೆ 22 ಅಡಿ ಸಾಲೂ ಬೇಕಿಲ್ಲ, ದಾರಂದದ ತೂತು ಕೊರೆಯಲು ಎರಡು ಪಕ್ಕ ಖಾಲಿ ಇದ್ದರೆ ಸಾಕು. ತಿಕ್‌ನೆಸ್ ಮಷೀನಿನ ಎದುರಿನ ಗೋಡೆಗೆ ಒತ್ತಿ, ಎರಡೂ ಕಡೆ 8 ಅಡಿ ಬಿಟ್ಟು ನಿಲ್ಲಿಸಿ, ತಳಕ್ಕೆ ನಾಲ್ಕು ಆಂಕರ್ ಬೋಲ್ಟ್ ಹೊಡೆದೆವು.